ಚುವಕ್ಕನ ಹುಲಿ ಕತೆ

ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾನು ದಾರಿ ಹೇಳುವವನು. ಊರಲ್ಲಿ ಯಾರಾದರೂ ತೀರಿಕೊಂಡರೆ ತಲೆಯ ಹತ್ತಿರ ಮಣೆ ಹಾಕಿಕೊಂಡು ಕೂತು, ಅವರ ಜೀವವನ್ನು ಹುಟ್ಟಿದ ಮನೆಯ ತನಕ ನಡೆಸಿಕೊಂಡು ಹೋಗುವುದು ನನ್ನ ಕೆಲಸ. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ. ಅದರಲ್ಲಿ ಒಂದು ಮಾತು ಹೆಚ್ಚು ಮಾಡುವ ಹಾಗಿಲ್ಲ, ಒಂದು ಮಾತು ನುಂಗುವ ಹಾಗಿಲ್ಲ. ಕತೆ ಹಾಗಲ್ಲ. ಇವತ್ತು ಹುಲಿಗೆ ಒಂದು ಬಾಲ, ನಾಳೆ ಬೇಕಾದರೆ ಎರಡು. ಬಾಯಿಗೆ ಬಂದದ್ದೇ ಮಾತು. ಹೀಗಿರುವಾಗ ಜಾಂಗ್ ಕುಲದ ಮನೆಗೆ ಸೊಸೆಯಾಗಿ ಬಂದ ಚುವಕ್ಕನ ಬಗ್ಗೆ ಹೇಳಬೇಕಾದವನು ನಾನೇ ಆಗಿದ್ದು ವಿಚಿತ್ರ. ಆದರೆ ಅವಳನ್ನು ಕಳಿಸಿಕೊಟ್ಟವನು ನಾನು. ಬೇರೆಯವರು ಹೇಳಿದರೆ ಇನ್ನೆರಡು ಬಾಲ ಸೇರಿಸುತ್ತಾರೆ.

ಚುವಕ್ಕ ನನಗಿಂತ ಕೆಲವು ವರ್ಷಕ್ಕೆ ದೊಡ್ಡವಳು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಬೆನ್ನ ಮೇಲೆ ಬುಟ್ಟಿ, ಸೊಂಟದಲ್ಲಿ ಸೆಣಬಿನ ನಾರಿನ ಕಟ್ಟು, ಯಾವಾಗಲೂ. ನಮ್ಮ ಹೆಂಗಸರೆಲ್ಲ ನಡೆಯುತ್ತಾ ನಾರಿಗೆ ನಾರು ಸೇರಿಸುತ್ತಾರೆ, ಅದೇನು ದೊಡ್ಡ ವಿಷಯವಲ್ಲ. ಆದರೆ ಇವಳು ಜಗಳ ಆಡುವಾಗಲೂ ಸೇರಿಸುತ್ತಿದ್ದಳು. ಡೊಂಗ್ ವಾನ್ ಸಂತೆಯಲ್ಲಿ ಸೂಜಿ ಮಾರುವವನ ಹತ್ತಿರ ಚೌಕಾಸಿ ಮಾಡುತ್ತಾ ಮಾಡುತ್ತಾ ಒಂದು ಉಂಡೆ ನೂಲು ಮುಗಿಸಿದಳು ಎಂದು ಜನ ನಗುತ್ತಿದ್ದರು. ಬೈಗುಳವೂ ಅಷ್ಟೇ ಸಲೀಸಾಗಿ ಬರುತ್ತಿತ್ತು. ಅವಳ ಮನೆಯ ಹುಂಜ ನಮ್ಮ ಸೊಪ್ಪಿನ ಪಾತಿಗೆ ನುಗ್ಗಿದರೆ, ಪಾತಿಗೆ ಬೇಲಿ ಹಾಕದ ಸೋಮಾರಿ ನಾನೇ ಎಂದು ನನಗೇ ಬೈದು, ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು.

ಕತೆ ಹೇಳುವುದರಲ್ಲಿ ಮಾತ್ರ ಅವಳಿಗೆ ಸರಿಸಾಟಿ ಇರಲಿಲ್ಲ. ಇದನ್ನು ನಾನೂ ಒಪ್ಪುತ್ತೇನೆ. ಮೆಕ್ಕೆಜೋಳದ ತೆನೆ ಅಟ್ಟದಿಂದ ಇಳಿಸಿ ಕಾಳು ಬಿಡಿಸುವ ದಿನಗಳಲ್ಲಿ ಅವಳ ಮನೆಯ ಮುಂದಿನ ಕಲ್ಲುಗೋಡೆಯೊಳಗೆ ಅರ್ಧ ಊರಿನ ಹೆಂಗಸರು, ಮಕ್ಕಳು ಸೇರುತ್ತಿದ್ದರು. ಬಂದವರ ಮುಂದೆ ಒಂದು ರಾಶಿ ತೆನೆ ಸುರಿಯುತ್ತಿದ್ದಳು. ಕಾಳು ಬಿಡಿಸದವರಿಗೆ ಕತೆ ಇಲ್ಲ. ಅನಾಥ ಹುಡುಗ, ಕಪ್ಪೆಯ ಮಗಳು, ನಾಗನ ಮನೆಗೆ ಹೋದ ಅಳಿಯ, ಹೀಗೆ ಎಲ್ಲರ ಬಾಯಲ್ಲೂ ಇರುವ ಕತೆಗಳನ್ನು ಅವಳು ದಿನಕ್ಕೊಂದು ತರಹ ಹೇಳುತ್ತಿದ್ದಳು. ಅವಳದು ಇನ್ನೊಂದು ನಿಯಮ ಇತ್ತು. ಪ್ರತಿ ಮಾತಿಗೂ ಯಾರಾದರೂ ಹೂಂಗುಟ್ಟಬೇಕು. ಹೂಂ ಬರಲಿಲ್ಲವೋ, ಕತೆ ಅಲ್ಲಿಗೇ ನಿಂತಿತು. ರಾಜಕುಮಾರಿ ಬಾವಿಯೊಳಗೆ ನೇತಾಡುತ್ತಿದ್ದರೂ ಸರಿ, ಹುಲಿ ಬಾಯಿ ತೆರೆದಿದ್ದರೂ ಸರಿ, ಬುಟ್ಟಿ ಎತ್ತಿಕೊಂಡು ಹಂದಿಗೆ ಸೊಪ್ಪು ಕೊಯ್ಯಲು ಹೊರಟುಬಿಡುತ್ತಿದ್ದಳು.

ನಾನು ಆ ದಾರಿಯಲ್ಲಿ ಹೋಗುವಾಗ ಬೇಕೆಂದೇ ನನ್ನ ಕಡೆ ತಿರುಗಿ, "ಪೋ, ಹೂಂ ಅನ್ನೋ," ಎನ್ನುತ್ತಿದ್ದಳು.

"ನಾನು ದಾರಿ ಹೇಳೋನು, ನಿನ್ನ ಹುಲಿಗೆ ಹೂಂಗುಟ್ಟೋನಲ್ಲ," ಎಂದು ನಾನು ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಎಷ್ಟೋ ವರ್ಷ ಇದೇ ನಡೆಯಿತು. ಒಂದು ಸಲವೂ ನಾನು ಹೂಂ ಎನ್ನಲಿಲ್ಲ.

ಅವಳ ಕತೆಗಳಲ್ಲಿ ಒಂದೇ ಒಂದು ಕತೆ ಮಾತ್ರ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಒಬ್ಬಳು ಅಜ್ಜಿ, ಅವಳ ಬೆನ್ನ ಮೇಲೊಂದು ಮೊಮ್ಮಗು. ಹಟ್ಟಿಯವರನ್ನೆಲ್ಲ ಹುಲಿ ತಿಂದುಬಿಟ್ಟಿದೆ. ಇವರಿಬ್ಬರೇ ತಪ್ಪಿಸಿಕೊಂಡು ಓಡುತ್ತಾರೆ, ಹುಲಿ ಹಿಂದೆ ಬರುತ್ತದೆ. ದಾರಿಯಲ್ಲಿ ಸಿಕ್ಕ ಸಿಕ್ಕದ್ದನ್ನೆಲ್ಲ ನಿಲ್ಲಿಸಿ, ಮುದುಕಿ ಮಗುವನ್ನು ಹೊತ್ತುಕೊಂಡು ಹೋದದ್ದನ್ನು ಕಂಡಿರಾ ಎಂದು ಕೇಳುತ್ತದೆ. ಮೊದಲು ಕಪ್ಪೆಯ ಹಾಗೆ ಕೂತ ಬಂಡೆ ಸಿಗುತ್ತದೆ. ದಾರಿಗೆ ಬೆನ್ನು ಹಾಕಿ ಕೂತವಳು ನಾನು, ನನಗೇನು ಗೊತ್ತು ಎನ್ನುತ್ತದೆ ಬಂಡೆ. ಆಮೇಲೆ ಒಂದು ಬುಗ್ಗೆ. ಅದಕ್ಕೆ ಎರಡು ಬಾಯಿ, ಒಂದರಲ್ಲಿ ನೀರು ಹೊರಗೆ ಬಂದು ಇನ್ನೊಂದರಲ್ಲಿ ಒಳಗೆ ಹೋಗುತ್ತದೆ. ಎರಡು ಬಾಯಲ್ಲೂ ನೀರು ತುಂಬಿದೆ, ಮಾತಾಡುವುದು ಹೇಗೆ ಎಂದು ಅದು ಗುಳುಗುಳು ಎನ್ನುತ್ತದೆ. ಆಮೇಲೆ ಎರಡು ಬಂಡೆಗಳ ನಡುವಿನ ಕಲ್ಲಿನ ಬಾಗಿಲು. ಗಾಳಿಗೆ ಕಣ್ಣು ಬಿಡಲಾಗಲಿಲ್ಲ ಎಂದು ಅದರ ನೆಪ. ಆಮೇಲೆ ಮಸಿ ಹಿಡಿದ ಗವಿ. ಅಜ್ಜಿ ಮೊಮ್ಮಗು ಮಳೆಗಾಲವಿಡೀ ಅದರ ಹೊಟ್ಟೆಯೊಳಗೇ ಬೆಂಕಿ ಹಾಕಿಕೊಂಡು ಇದ್ದರೂ, ನಾನು ಬರೀ ಹೊಟ್ಟೆ, ನನಗೆ ಕಣ್ಣೆಲ್ಲಿದೆ ಎಂದುಬಿಡುತ್ತದೆ. ಕೊನೆಗೆ ಹಸಿರು ನೀರಿನ ಹೊಳೆ. ದಾಟಿದವರ ವಾಸನೆ ತೊಳೆಯುವುದೇ ನನ್ನ ಕಸುಬು ಎಂದು ಅದು ಹುಲಿಯನ್ನು ಆಚೆ ದಡದಲ್ಲೇ ಕೂರಿಸುತ್ತದೆ. ಹುಲಿ ಇನ್ನೂ ಅಲ್ಲೇ ಕೂತಿದೆ. ಕತೆ ಮುಗಿಯಿತು.

ಹುಲಿಯನ್ನು ಕೊಲ್ಲದ ಕತೆ ಎಂಥ ಕತೆ ಎಂದು ನನಗೆ ಅನ್ನಿಸುತ್ತಿತ್ತು. ಹುಲಿ ಈಗಲೂ ಅಲ್ಲಿದೆಯಾ ಎಂದು ಮಕ್ಕಳು ಕೇಳಿದರೆ, "ಹೋಗಿ ನೋಡ್ಕೊಂಡು ಬಾ," ಎನ್ನುವಳು. ಅವಳ ಸೊಸೆ ಮಾಯ್‌ಗಂತೂ ಈ ಕತೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಒಮ್ಮೆ ಬೇಗ ಮುಗಿಯಲಿ ಎಂದು ತಾನೇ ಹೇಳಲು ಹೋಗಿ ಗವಿಯನ್ನು ಬಿಟ್ಟುಬಿಟ್ಟಳಂತೆ. ಚುವಕ್ಕ ಕೈಯಲ್ಲಿದ್ದ ತೆನೆಯನ್ನು ರಾಶಿಯ ಮೇಲೆ ಎಸೆದು, ಮಳೆಗಾಲವೆಲ್ಲ ಮಗುವನ್ನು ಹೊರಗೆ ನೆನೆಯಲು ಬಿಡುತ್ತೀಯಾ ಎಂದು ಬೈದಳಂತೆ. ಅತ್ತೆಯ ತಲೆ ಕೆಟ್ಟಿದೆ ಎಂದು ಮಾಯ್ ನಮ್ಮ ಮನೆಗೆ ಬಂದು ಹೇಳಿ ಹೋದಳು.

ಇಷ್ಟು ಬಾಯಿ ಇದ್ದ ಹೆಂಗಸಿಗೆ ತವರಿನ ಕಡೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಹಸಿರು ಹೊಳೆಯ ಈಚೆಗೆ ಪೀಚ್ ಮರಗಳ ಒಂದು ಹಳ್ಳಿ ಇದೆ. ಅಲ್ಲಿಗೆ ಒಬ್ಬಳು ಮುದುಕಿ ಅವಳನ್ನು ಬೆನ್ನ ಮೇಲೆ ಕಟ್ಟಿಕೊಂಡು ಬಂದಿದ್ದಳಂತೆ. ಲೌ ಕುಲದ ಮಗು, ಹೆಸರು ಚುವಾ, ಇಷ್ಟೇ ಆ ಮುದುಕಿ ಹೇಳಿದ್ದು. ಯಾವ ಊರು ಎಂದರೆ ಬಾಯಿ ಹೊಲಿದುಕೊಂಡ ಹಾಗೆ ಕೂರುತ್ತಿದ್ದಳಂತೆ. ದೊಡ್ಡ ಕಾಯಿಲೆ ಬಂದು ಜನ ಸತ್ತ ಊರಿನ ಹೆಸರನ್ನು ನಮ್ಮ ಹಿರಿಯರು ಬಾಯಿಂದ ಆಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಕಾಯಿಲೆ ಎದ್ದು ಬರುತ್ತದೆ ಎಂಬ ಹೆದರಿಕೆ. ಮಗುವಿಗೆ ಹಲ್ಲು ಉದುರುವ ವಯಸ್ಸಿಗೆ ಮುದುಕಿ ತೀರಿಕೊಂಡಳು. ಆಮೇಲೆ ಆಸರೆ ಕೊಟ್ಟ ಮನೆಯವರ ಹಂದಿ ಮೇಯಿಸಿ, ಹಿಟ್ಟು ಬೀಸಿ, ಅವರ ಮಕ್ಕಳನ್ನು ಎತ್ತಿಕೊಂಡು ಬೆಳೆದಳು. ಹೊಟ್ಟೆಗೆ ಹಾಕಿದರು, ಹೊಡೆಯಲಿಲ್ಲ, ಮುದ್ದೂ ಮಾಡಲಿಲ್ಲ. ಆ ಮಕ್ಕಳನ್ನು ಸುಮ್ಮನಿರಿಸಲೆಂದೇ ಕತೆ ಹೇಳುವುದನ್ನು ಕಲಿತದ್ದು ಎಂದು ಅವಳೇ ಹೇಳುತ್ತಿದ್ದಳು. ನಮ್ಮೂರಿನ ಜಾಂಗ್ ತೂ ಎತ್ತು ನೋಡಲು ಆ ಹಳ್ಳಿಗೆ ಹೋದವನು, ಗೋಡೆಯಾಚೆ ಇವಳು ಹೇಳುತ್ತಿದ್ದ ಕತೆಯನ್ನು ನಿಂತು ಕೇಳಿದ. ಕೇಳಿ ಮುಗಿಯುವುದರೊಳಗೆ ಎತ್ತು ಬೇರೆಯವರ ಪಾಲಾಗಿತ್ತು. ಮುಂದಿನ ಹಬ್ಬಕ್ಕೆ ಇವಳನ್ನೇ ಕರೆದುಕೊಂಡು ಬಂದ. ಒಳ್ಳೆಯ ಮನುಷ್ಯ. ಮಗ ಲೆಂಗ್ ಇನ್ನೂ ಚಿಕ್ಕವನಿದ್ದಾಗ ಜಾಂಗ್ ತೂ ಎತ್ತಿಗೆ ಹುಲ್ಲು ಕೊಯ್ಯಲು ಹೋಗಿ ಬಂಡೆಯಿಂದ ಜಾರಿ ಬಿದ್ದು ಸತ್ತ. ಅವನ ಜೀವಕ್ಕೆ ದಾರಿ ಹೇಳಿ ಕಳಿಸಿದ್ದು ನಮ್ಮಪ್ಪ.

ಅವಳನ್ನು ಕಾಡುತ್ತಿದ್ದದ್ದು ಏನು ಎಂದು ನನಗೆ ತಿಳಿದದ್ದು ಅದಾದ ಬಹಳ ವರ್ಷಗಳ ಮೇಲೆ. ಪಕ್ಕದ ಮನೆಯ ಮುದುಕಿಯೊಬ್ಬಳನ್ನು ಕಳಿಸಿ, ಮಣ್ಣು ಮಾಡಿ ಮುಗಿದಿತ್ತು. ನಾನು ಬಂಡೆಗಳ ಸಂದಿಗೆ ಮಣ್ಣು ತುಂಬಿ ಜೋಳಕ್ಕೆ ಗುಳಿ ಮಾಡುತ್ತಿದ್ದೆ. ಚುವಕ್ಕ ಬಂದು ಬುಟ್ಟಿ ಇಳಿಸಿದಳು. ಬೈಯಲಿಲ್ಲ, ತಮಾಷೆ ಮಾಡಲಿಲ್ಲ. ಅದಕ್ಕೇ ನಾನು ಗುದ್ದಲಿ ಬದಿಗಿಟ್ಟೆ.

"ಪೋ, ನನ್ನ ಯಾವ ದಾರೀಲಿ ಕಳಿಸ್ತೀಯ?"

"ಗುಂಡುಕಲ್ಲಿನ ಹಾಗಿದ್ದೀಯ. ಈಗ್ಯಾಕೆ ಆ ಮಾತು?"

"ಕೇಳಿದ್ದಕ್ಕೆ ಹೇಳು."

ಹೇಳಿದೆ. ಸತ್ತವರನ್ನು ನಾನು ನಡೆಸುವುದು ಹಿಂದು ಹಿಂದಕ್ಕೆ. ಈಗಿನ ಮನೆಯಿಂದ ಹೊರಟು, ಬಾಳಿದ ಒಂದೊಂದು ಜಾಗಕ್ಕೂ ಹೋಗಿ, ಇಲ್ಲಿ ನೀರು ಕುಡಿದೆ, ಇಲ್ಲಿ ಬೆಂಕಿ ಕಾಯಿಸಿಕೊಂಡೆ ಎಂದು ಆ ನೆಲಕ್ಕೆ ಕೈ ಮುಗಿಸಿ, ಕೊನೆಗೆ ಹುಟ್ಟಿದ ಮನೆಗೆ ಕರೆತರಬೇಕು. ಅಲ್ಲಿ, ಹೆರಿಗೆಯಲ್ಲಿ ಮಗುವಿನ ಹಿಂದೆ ಬಂದ ಮಾಸನ್ನು ಹೂತಿಟ್ಟಿರುತ್ತಾರೆ. ಗಂಡಾದರೆ ನಡುಗಂಬದ ಬುಡದಲ್ಲಿ, ಹೆಣ್ಣಾದರೆ ಹೆತ್ತವರ ಮಂಚದ ಕೆಳಗೆ. ಅದೇ ಮನುಷ್ಯ ಹಾಕಿಕೊಂಡ ಮೊದಲನೆಯ ಅಂಗಿ. ಅದನ್ನು ತೆಗೆದು ತೊಟ್ಟುಕೊಂಡರೆ ಮಾತ್ರ ಆಚೆಗಿರುವ ಹಿರಿಯರು ಗುರುತು ಹಿಡಿದು ಒಳಗೆ ಕರೆಯುತ್ತಾರೆ. ಅಂಗಿ ಇಲ್ಲದ ಜೀವ ಬೆಟ್ಟ ಬೆಟ್ಟ ಅಲೆಯುತ್ತದೆ. ಇದು ಅವಳಿಗೂ ಗೊತ್ತಿತ್ತು, ಊರಿನ ಮಕ್ಕಳಿಗೂ ಗೊತ್ತು. ಅವಳನ್ನು ಇಲ್ಲಿಂದ ಪೀಚ್ ಮರಗಳ ಹಳ್ಳಿಯ ತನಕ ಕರೆದೊಯ್ಯಬಲ್ಲೆ ಎಂದೆ.

"ಅಲ್ಲಿಂದ ಮುಂದೆ?"

"ಮುಂದೆ ನನಗೆ ಗೊತ್ತಿಲ್ಲ ಚುವಕ್ಕ. ಗೊತ್ತಿಲ್ಲದ ದಾರೀನ ನಾನು ಹೇಳಲ್ಲ."

ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅವಳು ಬುಟ್ಟಿ ಹೊತ್ತುಕೊಂಡಳು. "ಅಲ್ಲಿವರೆಗೆ ಹೋಗಿ ಏನ್ ಮಾಡ್ಲಿ? ಅವರ ಹಂದಿ ಮತ್ತೆ ಮೇಯಿಸ್ಲಾ?" ಎಂದು ಕೇಳಿ ಇಳಿದು ಹೋದಳು. ನನಗೆ ಆ ದಿನ ಊಟ ಸೇರಲಿಲ್ಲ.

ಅವತ್ತಿನಿಂದ ಗಮನಿಸಿದೆ. ಸಂತೆಗೆ ಹೊರಗಿನವರು ಬಂದರೆ ಚುವಕ್ಕ ಅವರ ಪಕ್ಕ ಹೋಗಿ ಕೂರುತ್ತಿದ್ದಳು. ಲೌ ಕುಲದವರು ಕಾಯಿಲೆಯಲ್ಲಿ ಕಳೆದುಹೋದ ಊರು ಯಾವುದಾದರೂ ಗೊತ್ತಾ ಎಂದು ಕೇಳುತ್ತಿದ್ದಳು. ಲೌ ಜನ ಎಲ್ಲ ಬೆಟ್ಟದಲ್ಲೂ ಇದ್ದಾರೆ. ಕಾಯಿಲೆಯೂ ಎಲ್ಲ ಬೆಟ್ಟಕ್ಕೂ ಬಂದು ಹೋಗಿದೆ. ಕೆಲವರು ತಲೆ ಅಲ್ಲಾಡಿಸುವರು, ಕೆಲವರು ಇಂಥ ಮಾತು ಸಂತೆಯಲ್ಲಿ ಯಾಕೆ ತೆಗೆಯುತ್ತೀಯ ಎಂದು ಎದ್ದು ಹೋಗುವರು. ಅವಳು ಸೂಜಿಯನ್ನೋ ಉಪ್ಪನ್ನೋ ಕೊಂಡು ಮನೆಗೆ ಬರುವಳು.

ನನ್ನ ಮೊಮ್ಮಗಳ ಮದುವೆಯ ಮಾತಿಗೆ ಗಂಡಿನ ಕಡೆಯಿಂದ ಮುವಾ ನೆಂಗ್ ಎಂಬ ಮಧ್ಯಸ್ಥ ಬಂದ. ಹಸಿರು ಹೊಳೆಯಾಚೆಯ ಎತ್ತರದ ಕಡೆಯವನು. ಪಟ್ಟೆಬಟ್ಟೆ ಸುತ್ತಿದ ಕಪ್ಪು ಛತ್ರಿಯನ್ನು ನಮ್ಮ ಗೋಡೆಗೆ ತೂಗುಹಾಕಿ ಕೂತವನು ಮಾತಿನಲ್ಲಿ ಒಂದು ಹೆಜ್ಜೆಯೂ ಹಿಂದೆ ಸರಿಯುವ ಆಸಾಮಿಯಲ್ಲ. ಗಂಡಿನವರು ಕೊಡಬೇಕಾದ ತೆರದ ಲೆಕ್ಕವನ್ನು ಬೆಳಗ್ಗಿನಿಂದ ಎಳೆದಾಡಿ ಇಬ್ಬರಿಗೂ ಸಾಕಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಗಾಳಿಗೆ ಹೊರಗೆ ಬಂದೆವು. ಪಕ್ಕದಲ್ಲೇ ಚುವಕ್ಕನ ಅಂಗಳದಲ್ಲಿ ಜೋಳ ಬಿಡಿಸುವುದು ನಡೆದಿತ್ತು. ಹುಲಿ ಬುಗ್ಗೆಯ ಹತ್ತಿರ ಬಂದಿತ್ತು. ಮಕ್ಕಳೆಲ್ಲ ಗುಳುಗುಳು ಎನ್ನುತ್ತಿದ್ದರು.

ನೆಂಗ್ ಗೋಡೆಗೆ ಒರಗಿ ನಕ್ಕ. "ಆ ಬುಗ್ಗೇಲಿ ನನ್ನ ಮೇಕೆಗಳು ನೀರು ಕುಡೀತಾವಲ್ಲ. ಈ ಅಜ್ಜಿಗೆ ಯಾರು ಹೇಳಿದ್ರು?"

ಚುವಕ್ಕನ ಕೈ ನಿಂತಿತು. ಅವಳ ಕೈ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾವ ಬುಗ್ಗೆ ಎಂದು ಕೇಳಿದಳು. ಒಂದು ತೂತಲ್ಲಿ ಬಂದು ಇನ್ನೊಂದರಲ್ಲಿ ಇಳಿದು ಹೋಗುವುದು, ನಮ್ಮ ಮೇವಿನ ಗುಡ್ಡದಲ್ಲಿದೆ, ಮೇಲೆ ಕಪ್ಪೆ ಕೂತ ಹಾಗೆ ಒಂದು ಬಂಡೆಯೂ ಇದೆ ಎಂದು ನೆಂಗ್ ಹೇಳಿದ. ನಾನು ಮಧ್ಯೆ ಬಾಯಿ ಹಾಕಿದೆ. ಕಪ್ಪೆಯಂಥ ಬಂಡೆ ಇಲ್ಲದ ಬೆಟ್ಟ ಯಾವುದಿದೆ? ಯಾರೋ ಏನೋ ಅಂದರೆಂದು ಮುದುಕಿಯ ಎದೆಯಲ್ಲಿ ಆಸೆ ಹುಟ್ಟಿಸುವುದು ನನಗೆ ಸರಿಬರಲಿಲ್ಲ. ಬುಗ್ಗೆಯಿಂದ ಹೊಳೆಗೆ ಇಳಿಯುವಾಗ ಏನೇನು ಸಿಗುತ್ತದೆ ಹೇಳು ಎಂದು ಅವನನ್ನು ಹಿಡಿದುಕೊಂಡೆ. ಅವನು ಯೋಚನೆ ಮಾಡಲೂ ಇಲ್ಲ. ಮೊದಲು ಎರಡು ಬಂಡೆಗಳ ನಡುವೆ ಒಂದು ಕಿರಿದಾದ ಕಣಿವೆಬಾಯಿ, ಗಾಳಿ ಅಂದರೆ ಗಾಳಿ, ಟೋಪಿ ನಿಲ್ಲುವುದಿಲ್ಲ. ಅದನ್ನು ಇಳಿದರೆ ಗವಿ, ಉಪ್ಪಿನ ವ್ಯಾಪಾರಿಗಳು ತಂಗುತ್ತಿದ್ದದ್ದು, ಮೇಲೆಲ್ಲ ಮಸಿ. ಆಮೇಲೆ ಹೊಳೆ. ನನಗೆ ಮುಂದೆ ಕೇಳಲು ಏನೂ ಉಳಿಯಲಿಲ್ಲ.

ಅಲ್ಲಿ ಊರಿತ್ತಾ ಎಂದು ಚುವಕ್ಕ ಕೇಳಿದಳು. ಇತ್ತಂತೆ, ಲೌ ಜನರದು, ಈಗ ಬರೀ ಮನೆಗಳ ಅಡಿಗಲ್ಲುಗಳು ಉಳಿದಿವೆ ಎಂದ. ಹೆಸರು ಕೇಳಿದಾಗ ನೆಂಗ್ ನನ್ನ ಮುಖ ನೋಡಿದ. ಅವನೂ ಹಿರಿಯರ ಹೆದರಿಕೆಯಲ್ಲಿ ಬೆಳೆದವನೇ. ಹೇಳು ಎಂದು ನಾನು ತಲೆಯಾಡಿಸಿದೆ.

"ಹಾಂಗ್ ಪ್ಲೋ," ಎಂದ ಮೆಲ್ಲಗೆ.

"ಇನ್ನೊಂದ್ಸಲ ಹೇಳಪ್ಪ."

ಇನ್ನೊಂದು ಸಲ ಹೇಳಿದ. ಚುವಕ್ಕ ಆ ಹೆಸರನ್ನು ಬಾಯೊಳಗೇ ಆಡಿಸಿ ನೋಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಏನಾಯಿತು, ಹುಲಿ ಎಲ್ಲಿಗೆ ಹೋಯಿತು ಎಂದು ಒಂದು ಮಗು ಅವಳ ಲಂಗ ಜಗ್ಗಿತು. ಅವಳು ಅವತ್ತು ಕತೆ ಮುಂದುವರಿಸಲಿಲ್ಲ. ನಾನು ಮದುವೆಯ ಮಾತಿನಲ್ಲಿ ನೆಂಗ್‌ನ ಜೊತೆ ಮತ್ತೆ ಜಗಳಕ್ಕೆ ಇಳಿಯಲಿಲ್ಲ, ಅವನು ಹೇಳಿದ ತೆರಕ್ಕೇ ಒಪ್ಪಿಬಿಟ್ಟೆ. ಮನೆಯವರು ನನ್ನನ್ನು ಇವತ್ತಿಗೂ ಬೈಯುತ್ತಾರೆ.

ಹುಲಿ ಎನ್ನುವುದು ಆ ಕಾಯಿಲೆಯೇ ಇರಬೇಕು. ಹೆಸರು ಹೇಳಲಾರದ ಮುದುಕಿ, ಬೆನ್ನ ಮೇಲಿನ ಮಗುವಿಗೆ ದಾರಿಯನ್ನಾದರೂ ಕೊಟ್ಟು ಸತ್ತಳು. ಇಷ್ಟು ವರ್ಷ ಅದು ಜೋಳದ ಕಾಳಿನ ಜೊತೆ ನಮ್ಮ ಕಿವಿಯ ಮುಂದೆಯೇ ಉದುರುತ್ತಿತ್ತು. ಯಾರಿಗೂ ಹೊಳೆಯಲಿಲ್ಲ, ಹೇಳುತ್ತಿದ್ದವಳಿಗೂ ಹೊಳೆಯಲಿಲ್ಲ. ಕತೆಯಲ್ಲಿ ಬರುವ ಬಂಡೆಯನ್ನು ಬೆಟ್ಟದಲ್ಲಿ ಹುಡುಕುವವರು ಯಾರು?

ಮಗ ಲೆಂಗ್ ಮೋಟಾರ್ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಕಣ್ಣಾರೆ ನೋಡಿ ಬರೋಣ ಎಂದು ಬಲವಂತ ಮಾಡಿದ. ಚುವಕ್ಕ ಒಪ್ಪಲಿಲ್ಲ.

"ಈಗ ಹೋದ್ರೆ ವಾಪಸ್ ಬರಬೇಕಲ್ಲ. ಒಂದೇ ಸಲ ಹೋಗ್ತೀನಿ ಬಿಡು," ಎಂದಳು.

ಹಾಗಾಗಿ ದಾರಿ ಕಲಿಯುವ ಕೆಲಸ ನನ್ನ ತಲೆಗೆ ಬಂತು. ದಾರಿಯ ಮಾತನ್ನು ಮನೆಯೊಳಗೆ ಆಡಬಾರದು. ಹೆಣ ಇಲ್ಲದ ಮನೆಯಲ್ಲಿ ಆಡಿದರೆ ಆ ಮನೆಯಲ್ಲೇ ಯಾರಾದರೂ ಹೊರಡುತ್ತಾರೆ. ನಾನು ಅಪ್ಪನಿಂದ ಕಲಿತದ್ದೂ ಹೊಲದ ಗುಡಿಸಲಿನಲ್ಲೇ. ಅದೇ ಗುಡಿಸಲಿಗೆ ಚುವಕ್ಕ ಬೆಳಗ್ಗೆ ಬರುತ್ತಿದ್ದಳು. ಅತ್ತೆಗೆ ಏರು ಹತ್ತಲು ಕಷ್ಟವೆಂದು ಮಾಯ್ ಜೊತೆಗೆ ಬಂದು, ಬಾಗಿಲ ಹತ್ತಿರ ಕೂತು ನಾರು ಸೇರಿಸುತ್ತಿದ್ದಳು. ಸುಲಭ ಎಂದುಕೊಂಡಿದ್ದೆ. ಸುಲಭ ಇರಲಿಲ್ಲ. ಅಜ್ಜಿಯ ಕತೆ ಊರಿನಿಂದ ಹೊರಗೆ ಬರುತ್ತದೆ, ನನ್ನ ದಾರಿ ಊರಿನ ಒಳಗೆ ಹೋಗಬೇಕು. ಹೊಳೆ, ಗವಿ, ಬಾಗಿಲು, ಬುಗ್ಗೆ, ಬಂಡೆ ಎಂದು ಹಿಂದುಮುಂದಾಗಿ ಹೇಳು ಎಂದರೆ ಚುವಕ್ಕನಿಗೆ ಬರುತ್ತಿರಲಿಲ್ಲ. ಎಲ್ಲೋ ಒಂದು ಕಡೆ ತಡವರಿಸಿ, ತಾಳು ಎಂದು ಮತ್ತೆ ಮೊದಲಿನಿಂದ ಶುರು ಮಾಡುವಳು, ಹುಲಿ ಸಮೇತ. ಹುಲಿ ಬೇಡ ಎಂದರೆ ಕೇಳುವುದಿಲ್ಲ. ಹುಲಿಯನ್ನು ತೆಗೆದರೆ ಬಂಡೆ ಯಾಕೆ ಮಾತಾಡುತ್ತದೆ, ಬಂಡೆ ಮಾತಾಡದಿದ್ದರೆ ನನಗೆ ಹೇಗೆ ನೆನಪಾಗುತ್ತದೆ ಎಂದು ವಾದ.

ಕೊನೆಗೆ ಮಾಯ್ ಹೊಲದಿಂದ ಬೆಣಚುಕಲ್ಲುಗಳನ್ನು ಆರಿಸಿ ತಂದು ನೆಲದ ಮೇಲೆ ಸಾಲಾಗಿ ಇಟ್ಟಳು. ಚುವಕ್ಕ ಆ ತುದಿಯಿಂದ ಕತೆ ಹೇಳುತ್ತಾ ಬರುವಳು, ನಾನು ಈ ತುದಿಯಿಂದ ದಾರಿ ಹೇಳುತ್ತಾ ಹೋಗುವೆ. ಬುಗ್ಗೆಯ ಕಲ್ಲಿನ ಹತ್ತಿರ ನಾನು ಯಾವಾಗಲೂ ಎಡವುತ್ತಿದ್ದೆ. ಕಲ್ಲಿನ ಬಾಗಿಲು ದಾಟಿದ ಕೂಡಲೇ ಊರು ಕಾಣುತ್ತದೆ ಎಂಬ ಆತುರಕ್ಕೋ ಏನೋ, ನೇರ ಕಪ್ಪೆ ಬಂಡೆಗೆ ಹಾರುತ್ತಿದ್ದೆ.

"ನೀನೇನು ಕಪ್ಪೆ ಮೊಮ್ಮಗನಾ, ಹಾರ್ತೀಯಲ್ಲ?" ಎಂದು ಚುವಕ್ಕ ಕಡ್ಡಿಯಿಂದ ಬುಗ್ಗೆಯ ಕಲ್ಲನ್ನು ತಟ್ಟುತ್ತಿದ್ದಳು. "ಆ ಏರು ಹತ್ತೋವಷ್ಟರಲ್ಲಿ ನನಗೆ ಬಾಯಾರಿರುತ್ತೆ. ಇಲ್ಲಿ ನೀರು ಕುಡಿಸಿ ಮುಂದೆ ಕರ್ಕೊಂಡು ಹೋಗು."

ಊರಿಗೆಲ್ಲ ದಾರಿ ಹೇಳುವ ನನ್ನನ್ನು ಹೆಂಗಸೊಬ್ಬಳು ಕಡ್ಡಿ ಹಿಡಿದು ತಿದ್ದುವುದು ನನಗೆ ಕಹಿಯೇ. ಆದರೆ ಹೋಗುವವಳು ಅವಳು. ಸುಮ್ಮನೆ ತಿದ್ದಿಸಿಕೊಂಡೆ. ಹೂಂ ಮಾತ್ರ ಅನ್ನಲಿಲ್ಲ. ಅವಳು ಕತೆ ಹೇಳುವಾಗ ಪ್ರತಿ ಮಾತಿಗೂ ನನ್ನ ಮುಖ ನೋಡುವಳು, ನಾನು ಜೋಳದ ಕಡೆ ನೋಡುವೆ. ಬಾಗಿಲಿನಿಂದ ಮಾಯ್ ನಾರು ಹಲ್ಲಿನಲ್ಲಿ ಕಚ್ಚಿಕೊಂಡೇ ಹೂಂ, ಹೂಂ ಎನ್ನುತ್ತಿದ್ದಳು. ಇದನ್ನೆಲ್ಲ ಫೋನಿನಲ್ಲಿ ಹಿಡಿದಿಟ್ಟುಕೊಂಡರಾಗದೇ ಎಂದು ಲೆಂಗ್ ಒಂದು ದಿನ ಬಂದು ಕೇಳಿದ. ನಿನ್ನ ಅಮ್ಮನ ಜೊತೆ ನಡೆದು ಹೋಗುವುದು ಫೋನೋ ನಾನೋ ಎಂದು ಕೇಳಿ ಕಳಿಸಿದೆ.

ನಾನು ದಾರಿ ಪೂರ್ತಿ ಕಲಿತ ದಿನ ಚುವಕ್ಕ ಗುಡಿಸಲಿನಿಂದ ಇಳಿಯುತ್ತಾ ಹಗುರಾಗಿದ್ದಳು. ಸತ್ತವರಿಗೆ ನಾವು ಕೊನೆಯಲ್ಲಿ ಒಂದು ಮಾತು ಹೇಳಿಕೊಡುತ್ತೇವೆ. ದಾರಿ ತೋರಿಸಿದವನು ಯಾರು ಎಂದು ಕೇಡಿನ ದೆವ್ವಗಳು ಕೇಳಿದರೆ, ಮೊರದಗಲ ಕಿವಿಯ ಯಾರೋ ಒಬ್ಬ, ಅವನು ಆಗಲೇ ಹೋದ ಎನ್ನಬೇಕು. ಇಲ್ಲದಿದ್ದರೆ ಅವು ನನ್ನ ಬೆನ್ನು ಹತ್ತುತ್ತವೆ.

"ನಿನ್ನ ಕಿವಿ ನೋಡಿದ್ರೆ ನಾನು ಸುಳ್ಳೇ ಹೇಳಬೇಕಾಗಿಲ್ಲ," ಎಂದು ನಕ್ಕಳು.

ಹೊಸ ವರ್ಷದ ಹಬ್ಬ ಮುಗಿದು, ಬಂಡೆಗಳ ಮೇಲೆ ಮಂಜು ಗಟ್ಟಿಯಾಗುವ ದಿನಗಳಲ್ಲಿ ಅವಳಿಗೆ ಎದೆ ಹಿಡಿದುಕೊಂಡಿತು. ಒಲೆಯ ಪಕ್ಕ ಮಲಗಿದವಳು ಒಂದು ಬೆಳಗ್ಗೆ ಏಳಲಿಲ್ಲ. ಲೆಂಗ್ ಬಂದು ನನ್ನ ಬಾಗಿಲಲ್ಲಿ ಮಂಡಿಯೂರಿದ. ಸತ್ತವರು ಹೌದೆನ್ನುತ್ತಾರೋ ಇಲ್ಲವೆನ್ನುತ್ತಾರೋ ಎಂದು ಹಾಕಿ ನೋಡುವ ಬಿದಿರಿನ ಜೋಡಿ ಸೀಳು ತೆಗೆದುಕೊಂಡು ನಾನು ಹೊರಟೆ.

ಮಾಯ್ ತಾನೇ ನೇಯ್ದ ಸೆಣಬಿನ ಬಟ್ಟೆ ಉಡಿಸಿದ್ದಳು. ಕಾಲಿಗೆ ಸೆಣಬಿನ ಜೋಡು ಇತ್ತು. ಜೀವದ ಮುಂದೆ ನಡೆದು ದಾರಿ ತೋರಿಸಲು ಹುಂಜ ತಂದಿದ್ದರು. ಪಾತಿಗೆ ನುಗ್ಗುತ್ತಿದ್ದ ಹುಂಜದ ಮರಿಯೇ ಇರಬೇಕು, ಅದೇ ಕೆಂಪು. ಜಾಂಗ್ ಕುಲದ ಹಿರಿಯ ನನ್ನನ್ನು ಬದಿಗೆ ಕರೆದ. ಈ ಹುಲಿ ಕತೆಯ ಬಂಡೆ ಬುಗ್ಗೆಗಳನ್ನು ದಾರಿಯ ಮಾತಿಗೆ ಸೇರಿಸುತ್ತೀಯಂತೆ, ಹೆಂಗಸರು ಜೋಳ ಬಿಡಿಸುವಾಗ ಆಡುವ ಮಾತನ್ನು ಹಿರಿಯರ ಮುಂದೆ ಆಡುವುದು ಯಾವ ಪದ್ಧತಿ ಎಂದು ಕೇಳಿದ. ಬೇರೆ ಹೊತ್ತಿನಲ್ಲಾಗಿದ್ದರೆ ನಾನೇ ಆ ಮಾತು ಹೇಳುವವನು.

"ಹಾಂಗ್ ಪ್ಲೋಗೆ ನಿನಗೆ ಬೇರೆ ದಾರಿ ಗೊತ್ತಿದ್ರೆ ಬಾ, ಈ ಮಣೆ ಮೇಲೆ ನೀನೇ ಕೂತ್ಕೋ," ಎಂದೆ. ಅವನು ಕೂರಲಿಲ್ಲ.

ಶುರು ಮಾಡಿದೆ. ಎಬ್ಬಿಸಿದೆ, ಮುಖ ತೊಳೆಸಿದೆ, ಒಲೆಗೆ ಕೈ ಮುಗಿಸಿದೆ, ನಡುಗಂಬಕ್ಕೆ ಕೈ ಮುಗಿಸಿದೆ, ಬಾಗಿಲು ದಾಟಿಸಿದೆ. ಹೆಂಗಸರ ಅಳು ಒಂದು ಕಡೆ, ಹೊರಗೆ ಡೋಲು ಕಟ್ಟುವವರ ಸದ್ದು ಒಂದು ಕಡೆ. ನನಗೆ ಅದೆಲ್ಲ ಅಭ್ಯಾಸ. ಪೀಚ್ ಮರಗಳ ಹಳ್ಳಿಯಲ್ಲಿ ಅವರ ನೀರಿಗೂ ಬೆಂಕಿಗೂ ಕೈ ಮುಗಿಸಿದೆ, ಹಂದಿಗಳ ಕಡೆ ತಿರುಗಿ ನೋಡಬೇಡ ಎಂದು ನನ್ನ ಲೆಕ್ಕದಲ್ಲಿ ಒಂದು ಮಾತು ಹೆಚ್ಚು ಹೇಳಿದೆ. ಹಾಗೆ ಹೆಚ್ಚು ಹೇಳಿದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಹೊಳೆ ದಾಟಿಸಿದೆ. ಆಚೆ ದಡದಲ್ಲಿ ಹುಲಿ ಕೂತಿರುತ್ತದೆ, ಹೆದರಬೇಡ, ಅದಕ್ಕೀಗ ವಯಸ್ಸಾಗಿದೆ ಎಂದೆ. ಹೀಗೆನ್ನು ಎಂದು ಅವಳೇ ಹೇಳಿಕೊಟ್ಟಿದ್ದಳು. ಗವಿಯಲ್ಲಿ ಮಳೆಗಾಲದ ಬೆಂಕಿಗೆ ಕೈ ಮುಗಿಸಿದೆ. ಕಲ್ಲಿನ ಬಾಗಿಲಲ್ಲಿ ತಲೆಬಟ್ಟೆ ಹಿಡಿದುಕೊಳ್ಳುವಂತೆ ಹೇಳಿದೆ. ಇನ್ನೇನು ಬಂದೇಬಿಟ್ಟಿತು ಎನ್ನಿಸಿತು. ಇಷ್ಟು ಜನರನ್ನು ಕಳಿಸಿದ್ದೇನೆ, ಯಾರ ದಾರಿಯಲ್ಲೂ ಹೀಗೆ ಆತುರಪಟ್ಟಿರಲಿಲ್ಲ. ಆ ತಂಪು ಮುಖವನ್ನು ನೋಡುತ್ತಾ, ಚುವಕ್ಕ, ಅಲ್ಲಿ ಮೇಲೆ ನೋಡು, ಕಪ್ಪೆ ಬಂಡೆ, ಅದರ ಕೆಳಗೆ ನಿನ್ನ ಊರು ಎಂದುಬಿಟ್ಟೆ.

"ಮಾವ."

ಅತ್ತೆಯ ಕಾಲ ಬುಡದಲ್ಲಿ ಮಾಯ್ ಕೂತಿದ್ದಳು. ದಾರಿಯ ಮಾತಿನ ನಡುವೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮಪ್ಪನ ಕಾಲದಲ್ಲಿ ಬಿಟ್ಟದ್ದು ಕೇಳಿಲ್ಲ, ನನ್ನ ಕಾಲದಲ್ಲೂ ಇಲ್ಲ. ಅಳುವವರು ಅಳು ನಿಲ್ಲಿಸಿದರು. ಜಾಂಗ್ ಹಿರಿಯ ಅವಳನ್ನು ಗದರಿಸಲು ಏಳುತ್ತಿದ್ದ. ಅವಳು ಅವನ ಕಡೆ ನೋಡಲೇ ಇಲ್ಲ.

"ಮಾವ, ಬುಗ್ಗೆ ಬಿಟ್ರಿ," ಎಂದಳು. "ಅತ್ತೆಗೆ ಬಾಯಾರಿರುತ್ತೆ."

ನಾನು ಅವಳ ಮುಖ ನೋಡಿದೆ, ಆಮೇಲೆ ಚುವಕ್ಕನ ಮುಖ ನೋಡಿದೆ.

"ಹೂಂ," ಎಂದೆ.

ಎಲ್ಲರಿಗೂ ಕೇಳುವ ಹಾಗೆ ಎಂದೆ. ಚುವಕ್ಕನನ್ನು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ, ಎರಡು ಬಾಯಿಯ ಬುಗ್ಗೆಯ ಹತ್ತಿರ ಕೂರಿಸಿದೆ. ಬೊಗಸೆ ಒಡ್ಡು ಎಂದೆ, ನೀರು ಕುಡಿ ಎಂದೆ, ಅವಸರ ಇಲ್ಲ ಎಂದೆ. ಕುಡಿದಳೋ ಎಂದು ಬಿದಿರಿನ ಸೀಳುಗಳನ್ನು ನೆಲಕ್ಕೆ ಹಾಕಿದೆ. ಒಂದು ಮೇಲ್ಮುಖ, ಒಂದು ಕೆಳಮುಖ ಬಿತ್ತು. ಕುಡಿದಿದ್ದಳು. ಆಮೇಲೆ ಕಪ್ಪೆ ಬಂಡೆಯ ಕೆಳಗಿಳಿಸಿ, ಹಾಂಗ್ ಪ್ಲೋದ ಅಡಿಗಲ್ಲುಗಳ ನಡುವೆ ಲೌ ಮನೆಯ ಬಾಗಿಲಿಗೆ ಕರೆತಂದೆ. ಅಪ್ಪ ಅಮ್ಮನ ಮಂಚ ಇದ್ದ ಜಾಗ ತೋರಿಸಿದೆ. ಅಂಗಿ ಅಲ್ಲೇ ಇದೆ, ತೆಗೆದು ತೊಟ್ಟುಕೋ ಎಂದೆ.